ಪುಸ್ತಕ ನಡುವೆ ಇಟ್ಟುಕೊಂಡು ಕೂತಾಗ

ಕಾಲೇಜು ಬಿಟ್ಟು 22 ವರ್ಷವಾದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಸ್ನೇಹಕೂಟಕ್ಕೆ ನಾನು ಮೊದಲ ಸಲ ಹೋದೆ. 60ಕ್ಕೂ ಹೆಚ್ಚು ಜನ ಸೇರಿದ್ದರು. ಬಾಗಿಲಲ್ಲೇ ತಬ್ಬಿಕೊಂಡರು, ಹಳೇ ಅಡ್ಡಹೆಸರು ಹಿಡಿದು ಕರೆದರು, ಕಣ್ಣು ತುಂಬಿ ಬಂತು. ಆಮೇಲೆ ಶುರುವಾಯಿತು. "ಎಲ್ಲಿದ್ದೀಯಾ? ಏನ್ ಕೆಲಸ? ಯಜಮಾನರು ಏನ್ ಮಾಡ್ತಾರೆ? ಮಕ್ಕಳೆಷ್ಟು, ಏನ್ ಓದ್ತಿದಾರೆ?" ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಷ್ಟು ವರ್ಷ ಕಾಣದವರನ್ನು ಇನ್ನೇನು ಕೇಳುವುದು?

ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದ ಹುಡುಗಿ. ಚರ್ಚಾಸ್ಪರ್ಧೆಯಲ್ಲಿ ಅವಳು ಎದ್ದು ನಿಂತರೆ ಎದುರು ಪಕ್ಷದವರು ಸುಮ್ಮನೆ ಕೈಕಟ್ಟಿ ಕೇಳುತ್ತಿದ್ದರು. ಅರ್ಧ ಗಂಟೆ ಆಗುವಷ್ಟರಲ್ಲಿ ಅವಳು ಬ್ಯಾಗ್ ಎತ್ತಿಕೊಂಡು ಹೊರಟಳು. ಗೇಟಿನ ತನಕ ಜೊತೆಗೆ ಹೋದೆ. "ಸದ್ಯಕ್ಕೆ ಮನೇಲೇ ಇದೀನಿ ಅಂತ ಐದು ಸಲ ಹೇಳಿದೆ ಕಣೇ. ಆರನೇ ಸಲ ಹೇಳೋಕೆ ಆಗ್ತಿಲ್ಲ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ವಾರ ಕಳೆದ ಮೇಲೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ನನಗಿಂತ 12 ವರ್ಷ ಹಿರಿಯರು, ಎಲ್ಲರಿಗೂ ಅಕ್ಕ. "ಅಕ್ಕಾ, ತಿಂಗಳಿಗೊಂದು ಪುಸ್ತಕ ಓದಿ ಮಾತಾಡೋಣ. ಯಾರು ಏನಾಗಿದ್ದಾರೆ ಅನ್ನೋದು ಬೇಡ. ಪುಸ್ತಕ ಒಂದಿದ್ರೆ ಸಾಕು" ಅಂದೆ. "ಮಾಡಮ್ಮಾ. ಜಾಗ ನಾನು ಕೊಡಿಸ್ತೀನಿ, ಜನ ನೀನು ಕೂಡಿಸು" ಅಂದರು. ಒಂಬತ್ತು ವರ್ಷದಿಂದ ನಡೆಯುತ್ತಿದೆ. ಇದನ್ನು ಹೇಗೆ ನಡೆಸಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು, ಇಂಥದ್ದೇ ಬಳಗ ಕಟ್ಟಲು ಹೊರಟವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ಪುಸ್ತಕವನ್ನು ಮತ ಹಾಕಿ ಆರಿಸುತ್ತಿದ್ದೆವು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಐದು ಹೆಸರು ಹಾಕುವುದು, ಹೆಚ್ಚು ಮತ ಬಂದದ್ದನ್ನು ಓದುವುದು. ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ ಅನ್ನಿಸಿತ್ತು. ಆದದ್ದೇ ಬೇರೆ. ಮತ ಹಾಕುವವರು 40 ಜನ, ಬರುವವರು 11 ಜನ. ಎಲ್ಲೋ ಹೆಸರು ಕೇಳಿದ, ಪ್ರಶಸ್ತಿ ಬಂದ ಪುಸ್ತಕಗಳೇ ಗೆಲ್ಲುತ್ತಿದ್ದವು. ಆರಿಸಿದವರು ಯಾರೂ ಅದನ್ನು ಓದಿರುತ್ತಿರಲಿಲ್ಲ, ಹಾಗಾಗಿ ಅದರ ಪರವಾಗಿ ನಿಲ್ಲುವವರೂ ಇರುತ್ತಿರಲಿಲ್ಲ. ಒಂದು ತಿಂಗಳು 600 ಪುಟದ ಕಾದಂಬರಿ ಬಂತು. ಮುಗಿಸಿದವರು ಇಬ್ಬರು. ಉಳಿದವರು "ಪುಸ್ತಕ ಓದಿಲ್ಲ, ಹೇಗೆ ಬರಲಿ?" ಅಂತ ಮನೆಯಲ್ಲೇ ಉಳಿದರು.

ಎರಡನೇ ವರ್ಷದಿಂದ ಸರದಿ ಮಾಡಿದೆವು. ಪ್ರತಿ ತಿಂಗಳೂ ಒಬ್ಬಳು ಆರಿಸುತ್ತಾಳೆ. ನಿಯಮ ಎರಡೇ. ಆ ಪುಸ್ತಕವನ್ನು ಅವಳು ಮೊದಲೇ ಓದಿರಬೇಕು, ಅವಳಿಗೆ ಅದು ಮುಖ್ಯ ಅನ್ನಿಸಿರಬೇಕು. ಪುಟ 250 ದಾಟಬಾರದು, ದಾಟಿದರೆ ಎರಡು ತಿಂಗಳಿಗೆ ಹಂಚಬೇಕು. ಇಷ್ಟು ಮಾಡಿದ್ದರಿಂದ ನಡೆದ ಬದಲಾವಣೆ ನನಗೆ ಈಗಲೂ ಆಶ್ಚರ್ಯ. ಗಣಿತ ಓದಿದವಳೊಬ್ಬಳು ಪದ್ಯದ ಪುಸ್ತಕ ತಂದಳು. ನ್ಯಾಯಾಲಯದಲ್ಲಿ ದಿನಕಳೆಯುವ ವಕೀಲೆ ಹಕ್ಕಿಗಳ ಬಗೆಗಿನ ಪುಸ್ತಕ ತಂದಳು. ತನ್ನ ಕೈಯಿಂದ ಒಂದು ಪುಸ್ತಕವನ್ನು ಗೆಳತಿಯರ ಮುಂದೆ ಇಡುವಾಗ ಮನುಷ್ಯರು ತಮ್ಮ ಬಗ್ಗೆ ಎಷ್ಟು ಹೇಳಿಕೊಳ್ಳುತ್ತಾರೆ! "ಯಜಮಾನರು ಏನ್ ಮಾಡ್ತಾರೆ" ಅಂತ ನೂರು ಸಲ ಕೇಳಿದ್ದರೂ ಅದು ಸಿಗುತ್ತಿರಲಿಲ್ಲ.

ಓದಿ ಮುಗಿಸದವರೂ ಬರಬೇಕು ಅನ್ನುವುದನ್ನು ನಾವು ಬಾಯಿಮಾತಿಗೆ ಬಿಡದೆ ಪ್ರತಿ ಆಹ್ವಾನದ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಜೊತೆಗೆ, ಆರಿಸಿದವಳು ಹತ್ತು ಪುಟವನ್ನು ಗುರುತು ಮಾಡಿ ಹೇಳುತ್ತಾಳೆ. ಏನೂ ಓದಲಾಗದಿದ್ದರೆ ಆ ಹತ್ತು ಪುಟ ಓದಿದರೆ ಸಾಕು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಒಬ್ಬರು ಎರಡು ವರ್ಷ ಬರೀ ಆ ಹತ್ತು ಪುಟ ಓದಿ ಬಂದರು. ಅವರು ಕೇಳಿದಷ್ಟು ಒಳ್ಳೆಯ ಪ್ರಶ್ನೆ ಪೂರ್ತಿ ಓದಿದವರು ಕೇಳಿಲ್ಲ. ಹತ್ತೇ ಪುಟವನ್ನು ಅವರು ಮೂರು ಮೂರು ಸಲ ಓದಿರುತ್ತಿದ್ದರು.

ದಿನವನ್ನು ಗಟ್ಟಿಮಾಡಿದ್ದು ಇನ್ನೊಂದು. "ಎಲ್ಲರಿಗೂ ಯಾವತ್ತು ಅನುಕೂಲ?" ಅಂತ ಕೇಳಿದ ತಿಂಗಳುಗಳಲ್ಲಿ ಸಭೆ ನಡೆದೇ ಇಲ್ಲ. ಎರಡನೇ ಶನಿವಾರ, ಮಧ್ಯಾಹ್ನ ಮೂರರಿಂದ ಐದು. ಮೂವರೇ ಬಂದರೂ ನಡೆಯುತ್ತದೆ. ಮನೆಯಲ್ಲೂ ಎಲ್ಲರಿಗೂ ಅಭ್ಯಾಸವಾಗಿಬಿಡುತ್ತದೆ. ನನ್ನ ಮಗನೇ ಈಗ "ಅಮ್ಮಾ, ನಾಳೆ ನಿನ್ನ ಎರಡನೇ ಶನಿವಾರ ಅಲ್ವಾ?" ಅಂತಾನೆ.

ಇನ್ನು ಮಾತಿನ ವಿಷಯ. ನಾನು ತುಂಬ ಕಲಿತದ್ದು ಇಲ್ಲೇ.

ಹಳೆಯ ಸಹಪಾಠಿಗಳು ಸೇರಿದಾಗ ಒಂದು ತೊಂದರೆ ಇರುತ್ತದೆ, ಬೇರೆ ಓದುಗರ ಗುಂಪಿನಲ್ಲಿ ಅದು ಕಾಣುವುದಿಲ್ಲ. ಕಾಲೇಜಿನಲ್ಲಿ ಯಾರು ಹೇಗಿದ್ದರೋ ಹಾಗೇ ಮತ್ತೆ ಕೂತುಬಿಡುತ್ತಾರೆ. ಮೊದಲ ಬೆಂಚಿನವಳು ಮೊದಲು ಮಾತಾಡುತ್ತಾಳೆ. ಸೀನಿಯರ್ ಅಕ್ಕ ಹೇಳಿದ್ದಕ್ಕೆ ಜೂನಿಯರ್‌ಗಳು ತಲೆಯಾಡಿಸುತ್ತಾರೆ. ಹಿಂದಿನ ಬೆಂಚಿನವಳು ಆಗ ಹೇಗೋ ಈಗಲೂ ಹಾಗೇ, ಕೇಳಿಸಿಕೊಳ್ಳುತ್ತಾಳೆ, ಬಾಯಿ ಬಿಡುವುದಿಲ್ಲ. ಐವತ್ತು ವರ್ಷದ, ಕೈಕೆಳಗೆ ಮೂವತ್ತು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವ ಹೆಂಗಸು, ಕಾಲೇಜಿನ ಮಾನಿಟರ್ ಎದುರಿಗೆ ಧ್ವನಿ ತಗ್ಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲೊಬ್ಬಳು ಶಿಕ್ಷಕಿಯರಿಗೆ ತರಬೇತಿ ಕೊಡುವವಳು. ಅವಳು ಎರಡು ಸಂಗತಿ ಹೇಳಿಕೊಟ್ಟಳು. ಮೊದಲನೆಯದು ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಕಂಡದ್ದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರಂತೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸಾಮಾನ್ಯವಾಗಿ ಸುಮ್ಮನಿರುವವರೂ ಮಾತಾಡುತ್ತಾರೆ. ಇದನ್ನು ಕೇಳಿದ ಮೇಲೆ ನಾನು ಸಭೆಯಲ್ಲಿ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಲು ಶುರುಮಾಡಿದೆ. ಮೊದಮೊದಲು ಆ ಮೌನ ತಡೆಯಲಾಗುತ್ತಿರಲಿಲ್ಲ. ನಾನೇ ಏನಾದರೂ ಹೇಳಿ ತುಂಬಿಸಿಬಿಡಬೇಕು ಅನ್ನಿಸುತ್ತಿತ್ತು. ನಾಲ್ಕನ್ನು ಎಣಿಸುವ ಹೊತ್ತಿಗೆ ಮೂಲೆಯಿಂದ ಒಂದು ಧ್ವನಿ ಬರುವುದು, ಆ ಧ್ವನಿಯನ್ನು ಅದಕ್ಕೆ ಮುಂಚೆ ನಾವು ಕೇಳಿಯೇ ಇರುವುದಿಲ್ಲ.

ಎರಡನೆಯದು ಗುಂಪಿನ ಗಾತ್ರ. ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಾವಾಗಿ ಮಾತಿಗೆ ನಿಂತಾಗ ಒಂದು ಮಾತುಕತೆಯಲ್ಲಿ ಸುಮಾರು ನಾಲ್ಕು ಮಂದಿಗಿಂತ ಹೆಚ್ಚು ಇರುವುದಿಲ್ಲ, ಐದನೆಯವರು ಬಂದರೆ ಮಾತು ಒಡೆದು ಎರಡಾಗುತ್ತದೆ ಎಂದು ಕಂಡುಕೊಂಡರು. ನಮ್ಮ ಸಭೆಯಲ್ಲಿ ಪಿಸುಮಾತು ಎದ್ದಾಗಲೆಲ್ಲ ನಾನು "ಒಬ್ಬೊಬ್ಬರೇ ಮಾತಾಡಿ ದಯವಿಟ್ಟು" ಅನ್ನುತ್ತಿದ್ದೆ. ಪಿಸುಮಾತು ಅಶಿಸ್ತಲ್ಲ, 14 ಜನರ ನಡುವೆ ಮಾತು ಸಹಜವಾಗಿ ಹುಡುಕಿಕೊಂಡ ದಾರಿ ಅದು. ಅಲ್ಲಿಂದಾಚೆಗೆ ಮೊದಲ ಅರ್ಧ ಗಂಟೆ ನಾಲ್ಕು ನಾಲ್ಕು ಜನರಾಗಿ ಕೂರುತ್ತೇವೆ. ಒಂದೊಂದು ಗುಂಪಿನಲ್ಲೂ ಬೇರೆ ಬೇರೆ ಬ್ಯಾಚಿನವರು ಇರುವ ಹಾಗೆ ಚೀಟಿ ಎತ್ತುತ್ತೇವೆ. ಆಮೇಲೆ ದೊಡ್ಡ ವೃತ್ತ. ಸಣ್ಣ ಗುಂಪಿನಲ್ಲಿ ಒಮ್ಮೆ ಆಡಿದ ಮಾತನ್ನು ದೊಡ್ಡ ವೃತ್ತದಲ್ಲಿ ಮತ್ತೆ ಆಡುವುದು ಸುಲಭ. ಬಾಯಿಗೆ ಆ ಮಾತಿನ ರುಚಿ ಹತ್ತಿರುತ್ತದೆ.

"ಪುಸ್ತಕ ಹೇಗಿತ್ತು?" ಅನ್ನುವ ಪ್ರಶ್ನೆಯನ್ನು ನಾವು ಪೂರ್ತಿ ಬಿಟ್ಟೆವು. ಅದಕ್ಕೆ "ಚೆನ್ನಾಗಿತ್ತು", "ಸ್ವಲ್ಪ ಎಳೆದಿದ್ದಾರೆ" ಇಷ್ಟೇ ಉತ್ತರ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಬದಲಿಗೆ ಪ್ರತಿಯೊಬ್ಬರೂ ಒಂದು ಪುಟ ಆರಿಸಿಕೊಂಡು ಬರಬೇಕು, ಅದರಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಬೇಕು, ಯಾಕೆ ಆರಿಸಿದೆ ಅಂತ ಒಂದು ಮಾತು ಹೇಳಬೇಕು. ಇಷ್ಟೇ ಶುರು. ಗಟ್ಟಿಯಾಗಿ ಓದುವಾಗ ಧ್ವನಿಗೆ ಒಂದು ಆಸರೆ ಸಿಗುತ್ತದೆ. ತನ್ನ ಮಾತು ಹೇಳಲು ಹಿಂಜರಿಯುವವಳು ಬೇರೆಯವರ ಮಾತನ್ನು ಓದಿ, ಅದರ ಬಾಲ ಹಿಡಿದು ತನ್ನ ಮಾತಿಗೆ ಬರುತ್ತಾಳೆ.

ಒಂದು ಮಧ್ಯಾಹ್ನ ನೆನಪಿದೆ. ಎಂಟು ತಿಂಗಳು ಬಂದು ಒಂದು ಮಾತೂ ಆಡದ ಒಬ್ಬಳಿದ್ದಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಸರದಿ ಬಂತು. ಪುಸ್ತಕ ಬಿಚ್ಚಿದಳು. ಪುಟದ ತುದಿ ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾಗಿತ್ತು. ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು, ಶಾಲೆಯ ಮಕ್ಕಳ ಹಾಗೆ ಓದಿದಳು. ತಾಯಿಯೊಬ್ಬಳು ಸತ್ತ ಮೇಲೆ ಮಗಳು ಅವಳ ಬೀರುವನ್ನು ತೆಗೆದು ಸೀರೆಗಳನ್ನು ಮಡಚಿಡುವ ಭಾಗ. ನಾಲ್ಕನೇ ಸಾಲಿಗೆ ಬೆರಳು ನಿಂತಿತು. ನಾವು ಕಾದೆವು. ಅವಳು ತಲೆ ಎತ್ತದೆ, "ನಾನು ಇನ್ನೂ ಬೀರು ತೆಗೆದಿಲ್ಲ. ಮೂರು ವರ್ಷ ಆಯ್ತು. ಬೀಗದ ಕೈ ಬ್ಯಾಗಲ್ಲೇ ಇದೆ" ಅಂದಳು. ಪಕ್ಕದಲ್ಲಿದ್ದ ಅಕ್ಕ ಅವಳ ಮೊಣಕೈ ಹಿಡಿದುಕೊಂಡರು. ಯಾರೂ ಸಮಾಧಾನದ ಮಾತು ಆಡಲಿಲ್ಲ. ಮುಂದಿನವಳು ತನ್ನ ಪುಟ ಓದಿದಳು. ಆ ದಿನ ಮುಂದಿನವಳು ಓದನ್ನು ಮುಂದುವರಿಸಿದ್ದು ಎಷ್ಟು ದೊಡ್ಡ ಉಪಕಾರ ಅಂತ ಅವಳು ಆಮೇಲೆ ನನಗೆ ಹೇಳಿದಳು. ಎಲ್ಲರೂ ಅವಳ ಸುತ್ತ ಮುತ್ತಿದ್ದರೆ ಮುಂದಿನ ತಿಂಗಳು ಬರುತ್ತಿರಲಿಲ್ಲವಂತೆ. ಎರಡು ತಿಂಗಳಾದ ಮೇಲೆ ಮೊಣಕೈ ಹಿಡಿದ ಅಕ್ಕನೂ ಅವಳೂ ಜೊತೆಯಲ್ಲಿ ಕೂತು ಆ ಬೀರು ತೆಗೆದರು.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಬೇಕು. ನಾಲ್ಕನೇ ವರ್ಷ, ಮಕ್ಕಳನ್ನು ಬಿಟ್ಟು ಮನೆಯಿಂದ ಹೊರಟ ಹೆಂಗಸಿನ ಕಥೆ ಇದ್ದ ಕಾದಂಬರಿ. ಮಾತು ಬಿರುಸಾಗಿತ್ತು, ಚೆನ್ನಾಗಿ ನಡೆಯುತ್ತಿದೆ ಅಂತ ನನಗೆ ಖುಷಿಯೂ ಆಗಿತ್ತು. ಹಿರಿಯರೊಬ್ಬರು, "ಮಕ್ಕಳನ್ನ ಬಿಟ್ಟು ಹೋಗೋಳು ತಾಯೀನೇ ಅಲ್ಲ, ಅದರಲ್ಲಿ ಚರ್ಚೆ ಏನಿದೆ?" ಅಂದುಬಿಟ್ಟರು. ನಾನು ಸುಮ್ಮನಿದ್ದೆ. ಕಿಟಕಿಯ ಪಕ್ಕ ಕೂತಿದ್ದ ಒಬ್ಬಳ ಮಗು ಕೋರ್ಟಿನ ತೀರ್ಪಿನ ಪ್ರಕಾರ ತಂದೆಯ ಜೊತೆ ಇದೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅವಳು ನಗುತ್ತಲೇ ಕೂತಿದ್ದಳು, ಕೊನೆಯವರೆಗೂ ಇದ್ದಳು, ಕುರ್ಚಿ ಜೋಡಿಸಲೂ ನಿಂತಳು. ರಾತ್ರಿ ಗ್ರೂಪಿನಿಂದ ಹೊರಗೆ ಹೋದಳು.

ಮರುದಿನ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಂತರ ಆ ಹಿರಿಯರ ಹತ್ತಿರ ಹೋದೆ. ಅವರಿಗೆ ವಿಷಯ ಗೊತ್ತಿರಲಿಲ್ಲ, ಕೇಳಿ ಮುಖ ಬಿಳಿಚಿಕೊಂಡಿತು. ನನ್ನ ಎದುರಿಗೇ ಫೋನ್ ಮಾಡಿದರು. "ನಾನು ಪುಸ್ತಕದವಳಿಗೆ ಅಂದದ್ದು ನಿನಗೆ ತಾಗಿತು ಕಣಮ್ಮಾ. ಪುಸ್ತಕದವಳಿಗೂ ಹಾಗೆ ಅನ್ನಬಾರದಿತ್ತು." ಅವಳು ಐದು ತಿಂಗಳ ಮೇಲೆ ಮತ್ತೆ ಬಂದಳು. ಆ ಐದು ತಿಂಗಳು ಪ್ರತಿ ಸಭೆಯಲ್ಲೂ ನನ್ನ ಕಣ್ಣು ಆ ಕಿಟಕಿಯ ಕಡೆಗೇ ಹೋಗುತ್ತಿತ್ತು.

ಆ ಘಟನೆಯ ನಂತರ ಎರಡು ಕ್ರಮ ಮಾಡಿಕೊಂಡೆವು. ಪಾತ್ರದ ಬಗ್ಗೆ ತೀರ್ಪು ಹೇಳುವವರು ಆ ತೀರ್ಪಿಗೆ ಕಾರಣವಾದ ಪುಟವನ್ನು ತೋರಿಸಿ ಓದಬೇಕು. ಪುಟ ತೆಗೆದ ಕೂಡಲೇ ಮಾತಿನ ಬಿರುಸು ಇಳಿಯುತ್ತದೆ, ಎಷ್ಟೋ ಸಲ ಆ ಪುಟ ನಾವು ಅಂದುಕೊಂಡದ್ದನ್ನು ಹೇಳುತ್ತಿರುವುದೇ ಇಲ್ಲ. ಇನ್ನೊಂದು, ಸಾವು, ಗರ್ಭಪಾತ, ಮನೆಯೊಳಗಿನ ಹೊಡೆತ ಇಂಥವು ಪುಸ್ತಕದಲ್ಲಿದ್ದರೆ ಆರಿಸಿದವಳು ಮುಂಚಿತವಾಗಿ ಒಂದು ಸಾಲು ಬರೆದು ತಿಳಿಸುತ್ತಾಳೆ. ಇಂಥ ಪುಸ್ತಕವೇ ಬೇಡ ಅಂತ ನಾವು ಯಾವತ್ತೂ ತೀರ್ಮಾನಿಸಲಿಲ್ಲ. ಅವನ್ನು ಓದುವ ಧೈರ್ಯ ನಮಗೆ ಒಬ್ಬೊಬ್ಬರಿಗಿಂತ ಒಟ್ಟಿಗೆ ಇದ್ದಾಗಲೇ ಹೆಚ್ಚು.

ನಾವು ಮಾಡಿದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಪೆನ್ಸಿಲ್ ಪ್ರತಿ. ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಸಂಘದ ದುಡ್ಡಿನಲ್ಲಿ ಕೊಳ್ಳುತ್ತೇವೆ. ಅದು ಕೈಯಿಂದ ಕೈಗೆ ಹೋಗುತ್ತದೆ. ಓದಿದವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬಹುದು, ಕೆಳಗೆ ಹೆಸರಿನ ಮೊದಲಕ್ಷರ. ಸಭೆಗೆ ಬರಲಾಗದವರ ಮಾತು ಹೀಗೆ ಸಭೆಗೆ ಬರುತ್ತದೆ. ಬೇರೆ ಊರಿಗೆ ಹೋದವರಿಗೆ ಅಂಚೆಯಲ್ಲಿ ಕಳಿಸಿದ್ದೂ ಉಂಟು. ಕೆಲವು ಪುಟಗಳಲ್ಲಿ ಅಂಚಿನಲ್ಲೇ ಒಂದು ಸಂಭಾಷಣೆ ಬೆಳೆದಿದೆ. ಒಬ್ಬಳು "ಇದು ಸುಳ್ಳು" ಅಂತ ಬರೆದಿದ್ದಾಳೆ, ಅದರ ಕೆಳಗೆ ಇನ್ನೊಬ್ಬಳು "ನಮ್ಮ ಮನೆಯಲ್ಲಿ ನಿಜ" ಅಂತ ಬರೆದಿದ್ದಾಳೆ, ಅದರ ಕೆಳಗೆ ಮೊದಲನೆಯವಳೇ ಮತ್ತೆ ಬಂದು "ಗೊತ್ತಿರಲಿಲ್ಲ ಕಣೇ" ಅಂತ ಬರೆದಿದ್ದಾಳೆ. ಈ ಮೂರು ಸಾಲಿನ ನಡುವೆ ಎರಡು ತಿಂಗಳು ಕಳೆದಿದೆ. ಪೆನ್ ಬೇಡ, ಪೆನ್ಸಿಲೇ ಬೇಕು ಅಂತ ಹಟ ಹಿಡಿದದ್ದು ಗ್ರಂಥಪಾಲಕಿಯಾಗಿದ್ದ ನಮ್ಮ ಇನ್ನೊಬ್ಬ ಹಿರಿಯ ಅಕ್ಕ. ಅಳಿಸಬಹುದು ಅಂತ ಗೊತ್ತಿದ್ದರೆ ಬರೆಯುವ ಕೈ ಹಗುರಾಗುತ್ತದೆ ಅನ್ನುವುದು ಅವರ ಲೆಕ್ಕ. ಯಾರೂ ಇದುವರೆಗೆ ಒಂದು ಅಕ್ಷರವನ್ನೂ ಅಳಿಸಿಲ್ಲ.

ಆ ಅಕ್ಕನಿಗೆ ಈಗ 78 ವರ್ಷ. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ, ಅಂದರೆ ಅಕ್ಷರ ಕಾಣುವುದಿಲ್ಲ. ಜೀವನಪೂರ್ತಿ ಪುಸ್ತಕಗಳ ನಡುವೆ ಇದ್ದವರು ಬರುವುದನ್ನು ನಿಲ್ಲಿಸುತ್ತೇನೆ ಅಂದಾಗ ನಾವು ಒಪ್ಪಲಿಲ್ಲ. ಅಧ್ಯಾಯಗಳನ್ನು ಹಂಚಿಕೊಂಡೆವು. ಒಬ್ಬೊಬ್ಬರು ಒಂದೊಂದನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೊಬ್ಬರಿಗೇ ಕಳಿಸುತ್ತೇವೆ. ಹಿಂದೆ ಕುಕ್ಕರ್ ಕೂಗಿದ್ದು, ನಾಯಿ ಬೊಗಳಿದ್ದು, ಮಗು "ಅಮ್ಮಾ" ಅಂದದ್ದು ಎಲ್ಲ ಅದರಲ್ಲಿರುತ್ತದೆ. ಮೊದಲು ನಾವು ಅದನ್ನೆಲ್ಲ ಅಳಿಸಿ ಮತ್ತೆ ಓದುತ್ತಿದ್ದೆವು. "ಇರಲಿ ಬಿಡ್ರೇ, ನಿಮ್ಮನೆಗೆ ಬಂದ ಹಾಗಾಗತ್ತೆ" ಅಂದರು. ಅವರಿಗಾಗಿ ಗಟ್ಟಿಯಾಗಿ ಓದಿದ ಅಧ್ಯಾಯವೇ ನಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವುದನ್ನೂ ಎಲ್ಲರೂ ಗಮನಿಸಿದ್ದೇವೆ.

ನಮ್ಮಂಥ ಸಂಘಗಳ ಇತಿಹಾಸವನ್ನು ಒಮ್ಮೆ ಹುಡುಕಿ ತಂದವರೂ ಇವರೇ. ಇಂಗ್ಲಿಷಿನಲ್ಲಿ ಹಳೆಯ ವಿದ್ಯಾರ್ಥಿನಿಗೆ ಅಲಮ್ನಾ ಅನ್ನುತ್ತಾರಲ್ಲ, ಅದು ಲ್ಯಾಟಿನ್ ಪದ. ಪೋಷಿಸು ಅನ್ನುವ ಧಾತುವಿನಿಂದ ಬಂದದ್ದು, ಹಳೆಯ ಅರ್ಥ ಸಾಕುಮಗಳು. ಕಾಲೇಜು ನಮ್ಮನ್ನು ಹೆತ್ತಿಲ್ಲ, ಸಾಕಿದೆ. ಇದನ್ನು ಅವರು ಹೇಳಿದಾಗ ಕೋಣೆಯಲ್ಲಿದ್ದ ಹಾಸ್ಟೆಲ್ ಹುಡುಗಿಯರೆಲ್ಲ, ಈಗ ಅಜ್ಜಿಯರಾದವರೂ ಸೇರಿ, ಒಬ್ಬರನ್ನೊಬ್ಬರು ನೋಡಿಕೊಂಡರು.

1881ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 17 ಮಂದಿ ಪದವೀಧರೆಯರು ಸೇರಿದ್ದರಂತೆ. ಮುಂದಾಳುಗಳು ಮರಿಯನ್ ಟಾಲ್ಬಟ್ ಮತ್ತು ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್. ಪದವಿ ಕೈಗೆ ಬಂದರೂ ಅದನ್ನು ಬಳಸಲು ಜಾಗವಿಲ್ಲ, ಮಾತಾಡಲು ತಮ್ಮಂಥವರು ಸಿಗುವುದಿಲ್ಲ, ಇದು ಅವರ ಕಷ್ಟ. ಬೇರೆ ಬೇರೆ ಕಾಲೇಜಿನ ಪದವೀಧರೆಯರ ಒಂದು ಸಂಘ ಕಟ್ಟಿದರು. ಹೆಚ್ಚು ಓದಿದರೆ ಹೆಣ್ಣುಮಕ್ಕಳ ಆರೋಗ್ಯ ಕೆಡುತ್ತದೆ ಎಂದು 1873ರಲ್ಲಿ ಒಬ್ಬ ವೈದ್ಯರು ಪುಸ್ತಕವನ್ನೇ ಬರೆದಿದ್ದರು, ಜನ ಅದನ್ನು ನಂಬಿದ್ದರು. ಈ ಸಂಘದವರು ವಾದಕ್ಕೆ ಇಳಿಯದೆ ಪದವೀಧರೆಯರಿಗೆ ಪ್ರಶ್ನೆಪಟ್ಟಿ ಕಳಿಸಿ, ಬಂದ 705 ಉತ್ತರಗಳನ್ನು ಲೆಕ್ಕಹಾಕಿ, ಓದಿದವರ ಆರೋಗ್ಯ ಕೆಟ್ಟಿಲ್ಲ ಅಂತ 1885ರಲ್ಲಿ ಪ್ರಕಟಿಸಿದರು. ಮಾತಾಡಲು ಜೊತೆ ಬೇಕು ಅಂತ ಸೇರಿದವರ ಕೈಯಲ್ಲೂ ಎಂಥ ಕೆಲಸ ಆಗಬಹುದು! "ಸದ್ಯಕ್ಕೆ ಮನೇಲೇ ಇದೀನಿ" ಅಂದ ನನ್ನ ಗೆಳತಿಯ ಸಂಕಟ ಎಷ್ಟು ಹಳೆಯದು ಅನ್ನುವುದು ನನಗೆ ಅವತ್ತು ಅರ್ಥವಾಯಿತು.

ಸ್ನೇಹಕೂಟಗಳ ಮಾತಿಗೆ ಬರುತ್ತೇನೆ. ಪುಸ್ತಕ ಚರ್ಚೆಗೆ ಬಂದವರಲ್ಲಿ ಕೆಲವರು "ಸುಮ್ಮನೆ ಮಾತಾಡೋಕೆ ಹೊತ್ತೇ ಸಿಗಲ್ಲ" ಅಂತ ಗೊಣಗುತ್ತಿದ್ದರು. ಇನ್ನು ಕೆಲವರಿಗೆ ಹರಟೆಯೇ ಹೆಚ್ಚಾಗಿ ಪುಸ್ತಕ ಹಿಂದೆ ಬೀಳುತ್ತದೆ ಅನ್ನುವ ದೂರು. ಇಬ್ಬರದೂ ಸರಿ. ಹಾಗಾಗಿ ಎರಡಕ್ಕೂ ಬೇರೆ ಹೊತ್ತು ಇಟ್ಟೆವು. ಮೂರರಿಂದ ನಾಲ್ಕೂವರೆ ಪುಸ್ತಕ. ನಾಲ್ಕೂವರೆಗೆ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಬೇಕು. ಆಮೇಲಿನ ಅರ್ಧ ಗಂಟೆ ಏನು ಬೇಕಾದರೂ ಮಾತಾಡಬಹುದು. ಕೊನೆಗೆ ಹರಟೆಗೆ ಹೊತ್ತಿದೆ ಅಂತ ಗೊತ್ತಿದ್ದರೆ ಜನ ಪುಸ್ತಕದ ನಡುವೆ ಅದನ್ನು ತುರುಕುವುದಿಲ್ಲ.

ಉಪಚಾರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮನೆಗಳಲ್ಲಿ ಸೇರುತ್ತಿದ್ದಾಗ ಒಬ್ಬರಿಗಿಂತ ಒಬ್ಬರು ಹೆಚ್ಚು ಮಾಡತೊಡಗಿದರು. ಆತಿಥ್ಯ ವಹಿಸಿದವಳು ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತು ಚರ್ಚೆಯ ಹೊತ್ತಿಗೆ ಸುಸ್ತಾಗಿರುತ್ತಿದ್ದಳು, ಪುಸ್ತಕ ಓದಲು ಅವಳಿಗೆ ಸಮಯವೇ ಸಿಕ್ಕಿರುತ್ತಿರಲಿಲ್ಲ. ಸಣ್ಣ ಮನೆಯವರು ತಮ್ಮ ಸರದಿ ಬರುವ ಮುಂಚೆ ಬರುವುದನ್ನೇ ಬಿಟ್ಟರು. ಇದು ಗೊತ್ತಾದ ದಿನವೇ ಮನೆ ಬಿಟ್ಟು ಕಾಲೇಜಿನ ಒಂದು ಕೋಣೆಗೆ ಬಂದೆವು. ಕುಡಿಯುವ ನೀರು, ಒಂದು ಬಿಸಿ ಪಾನೀಯ, ಅಷ್ಟೇ.

ವರ್ಷಕ್ಕೆರಡು ದೊಡ್ಡ ಸ್ನೇಹಕೂಟ ಇರುತ್ತವೆ. ಅಲ್ಲಿ ನಾವು ಮಾಡಿದ ಒಂದೇ ಬದಲಾವಣೆ ಪರಿಚಯದ್ದು. ಎದೆಗೆ ಹಚ್ಚುವ ಚೀಟಿಯಲ್ಲಿ ಹೆಸರು, ಬ್ಯಾಚ್, ಅದರ ಕೆಳಗೆ "ಈಚೆಗೆ ಕಲಿತದ್ದು" ಅಂತ ಒಂದು ಖಾಲಿ ಗೆರೆ. ಹುದ್ದೆ ಇಲ್ಲ, ಮನೆತನ ಇಲ್ಲ. ಆ ಗೆರೆಯಲ್ಲಿ ಬಂದ ಉತ್ತರಗಳನ್ನು ನಾನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ. ಈಜು. ಉರ್ದು ಲಿಪಿ. ಒಬ್ಬಳೇ ರೈಲಿನಲ್ಲಿ ಹೋಗುವುದು. ಟ್ಯಾಕ್ಸ್ ಫಾರಂ ತುಂಬುವುದು. ಮಗಳ ಮೇಲೆ ರೇಗದಿರುವುದು, ಇನ್ನೂ ಕಲಿಯುತ್ತಿದ್ದೇನೆ. ನಿವೃತ್ತ ಪ್ರಾಧ್ಯಾಪಕಿಯೊಬ್ಬರು, ನಮಗೆಲ್ಲ ಪಾಠ ಮಾಡಿದ ಮೇಡಂ, "ಗಂಡನಿಲ್ಲದ ಮನೆಯಲ್ಲಿ ರಾತ್ರಿ ದೀಪ ಆರಿಸಿ ಮಲಗುವುದು" ಅಂತ ಬರೆದಿದ್ದರು. ಅವರ ಚೀಟಿ ಓದಿದ ಮೇಲೆ ಯಾರಿಗೂ ಯಾರ ಯಜಮಾನರು ಏನು ಮಾಡುತ್ತಾರೆ ಅಂತ ಕೇಳಲು ಬಾಯಿ ಬರಲಿಲ್ಲ.

ಗೇಟಿನಿಂದ ಹೊರಟುಹೋದ ನನ್ನ ಸಹಪಾಠಿಯ ಕಥೆ ಹೇಳದೆ ಇದನ್ನು ಮುಗಿಸಲಾರೆ. ಎರಡು ವರ್ಷ ಅವಳನ್ನು ಕರೆದೆ, ಬರಲಿಲ್ಲ. ಒತ್ತಾಯ ಮಾಡುವುದನ್ನು ಬಿಟ್ಟು ಪೆನ್ಸಿಲ್ ಪ್ರತಿಯನ್ನು ಅವಳ ಮನೆಗೆ ಮುಟ್ಟಿಸತೊಡಗಿದೆ. ಮೊದಲ ಮೂರು ಪುಸ್ತಕ ಹೋದ ಹಾಗೇ ವಾಪಸ್ ಬಂದವು. ನಾಲ್ಕನೆಯದರ 61ನೇ ಪುಟದಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇತ್ತು, ಕೆಳಗೆ ಅವಳ ಹೆಸರಿನ ಮೊದಲಕ್ಷರ. ಅದೊಂದು ಚಿಹ್ನೆಯನ್ನು ಇಟ್ಟುಕೊಂಡು ಆ ತಿಂಗಳು ನಾವು ಅರ್ಧ ಗಂಟೆ ಮಾತಾಡಿದೆವು. "ಇಲ್ಲಿ ಇವಳಿಗೆ ಏನು ಅನುಮಾನ ಬಂದಿರಬಹುದು?" ನಡೆದದ್ದನ್ನು ಸಂಜೆ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀವೆಲ್ಲ ತಪ್ಪು ಊಹೆ ಮಾಡಿದೀರ. ನಾನು ಕೇಳಿದ್ದು ಅದಲ್ಲ" ಅಂದಳು. ಧ್ವನಿ ಚರ್ಚಾಸ್ಪರ್ಧೆಯ ಆ ಹುಡುಗಿಯದೇ. ಮುಂದಿನ ಎರಡನೇ ಶನಿವಾರ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಕೂತಿದ್ದಳು.

ಅವಳು ಈಗಲೂ ಮನೆಯಲ್ಲೇ ಇದ್ದಾಳೆ. ಈ ತಿಂಗಳ ಪುಸ್ತಕ ಆರಿಸಿದ್ದು ಅವಳೇ. ಪೆನ್ಸಿಲ್ ಪ್ರತಿ ಇವತ್ತು ಬೆಳಿಗ್ಗೆ ನನ್ನ ಕೈಗೆ ಬಂತು. ಅಂಚುಗಳಲ್ಲಿ ಜಾಗವೇ ಉಳಿದಿಲ್ಲ, ಎಲ್ಲ ಕಡೆ ಅವಳದೇ ಅಕ್ಷರ. 112ನೇ ಪುಟದಲ್ಲಿ ಬಾಣದ ಗುರುತು ಹಾಕಿ ನನ್ನ ಹೆಸರು ಬರೆದು, "ಇದಕ್ಕೆ ನೀನು ಉತ್ತರ ಹೇಳಬೇಕು, ಶನಿವಾರ" ಅಂತ ಬರೆದಿದ್ದಾಳೆ. ನಾನಿನ್ನೂ 80ರಲ್ಲಿದ್ದೇನೆ.